ನಮ್ಮದೇ ಪೊಟೆನ್ಶಿಯಲ್, ನಮ್ಮದೇ ಜವಾಬ್ದಾರಿ: ಲ್ಯಾಂಪ್ಸ್‌ನಲ್ಲಿ ಸ್ವಂತ ಸೂತ್ರ ಬಳಸುವುದು ಹೇಗೆ?

ಮಾಲಿಕ್ಯುಲರ್ ಡೈನಾಮಿಕ್ಸ್ ಕಲಿಯಲು ಹೊರಟ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಸೀನಿಯರ್ ಒಬ್ಬರಿಂದ ಇನ್‌ಪುಟ್ ಫೈಲ್ ಇಸ್ಕೊಂಡು, ತಾಪಮಾನ ಬದಲಾಯಿಸಿ, ರನ್ ಕೊಡುವುದು. ಬಣ್ಣಬಣ್ಣದ ಚೆಂಡುಗಳು ಸ್ಕ್ರೀನ್ ಮೇಲೆ ಕುಣಿಯುತ್ತವೆ, ನಮಗೂ ಖುಷಿ. ತೊಂದರೆ ಶುರುವಾಗೋದು ಆಮೇಲೆ. ನಮಗೆ ಬೇಕಾದ ಪೊಟೆನ್ಶಿಯಲ್ ಸಾಫ್ಟ್‌ವೇರ್‌ನಲ್ಲಿ ಇರಲ್ಲ, ಅಥವಾ ಇದ್ದರೂ ಅದರ ಬಾಲವನ್ನೋ ತಲೆಯನ್ನೋ ಸ್ವಲ್ಪ ತಿದ್ದಬೇಕಾಗುತ್ತೆ. ಆಗ ಸ್ವಂತ ಪೊಟೆನ್ಶಿಯಲ್ ಕೊಡಲೇಬೇಕು. ಅದನ್ನು ಕೊಡುವುದು ಹೇಗೆ, ಕೊಟ್ಟದ್ದು ಸರಿಯಾಗಿದೆಯೋ ಇಲ್ಲವೋ ಅಂತ ನೋಡುವುದು ಹೇಗೆ, ಇವೆರಡೇ ಈ ಲೇಖನದ ವಿಷಯ. ಎರಡನೆಯದನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಕಲಿತು ನಾವು ಒಂಬತ್ತು ದಿನದ ರನ್ ಕಳೆದುಕೊಂಡೆವು. ಆ ಕಥೆ ಮುಂದೆ ಬರುತ್ತೆ.

ಪೊಟೆನ್ಶಿಯಲ್ ಅಂದ್ರೆ ಏನು?

ಸಿಮ್ಯುಲೇಶನ್‌ನಲ್ಲಿ ಪ್ರತಿ ಪರಮಾಣುವಿಗೂ ನಾವು ನ್ಯೂಟನ್ನನ ಎರಡನೇ ನಿಯಮ ಹಾಕುತ್ತೇವೆ. ಬಲ ಗೊತ್ತಿದ್ದರೆ ವೇಗೋತ್ಕರ್ಷ ಸಿಗುತ್ತೆ, ಅದರಿಂದ ವೇಗ, ಅದರಿಂದ ಮುಂದಿನ ಸ್ಥಾನ. ಉಳಿದದ್ದೆಲ್ಲ ಲೆಕ್ಕಪತ್ರ. ಬಲ ಎಲ್ಲಿಂದ ಬರುತ್ತೆ ಅನ್ನುವುದೇ ಪ್ರಶ್ನೆ. ಅದಕ್ಕೆ ಉತ್ತರ ಪೊಟೆನ್ಶಿಯಲ್: ಪರಮಾಣುಗಳು ಇಷ್ಟಿಷ್ಟು ದೂರದಲ್ಲಿದ್ದರೆ ವ್ಯವಸ್ಥೆಯ ಶಕ್ತಿ ಇಷ್ಟು ಎಂದು ಹೇಳುವ ಸೂತ್ರ. ಆ ಶಕ್ತಿಯ ಇಳಿಜಾರಿಗೆ ಮೈನಸ್ ಚಿಹ್ನೆ ಹಾಕಿದರೆ ಬಲ. ಅಂದರೆ ನಮ್ಮ ಸಿಮ್ಯುಲೇಶನ್‌ನಲ್ಲಿರುವ ಭೌತಶಾಸ್ತ್ರ ಪೂರ್ತಿ ಈ ಒಂದು ಸೂತ್ರದಲ್ಲಿ ಕೂತಿದೆ. ಆರ್ಗಾನ್ ಆರ್ಗಾನ್ ಆಗಿರೋದು, ತಾಮ್ರ ತಾಮ್ರ ಆಗಿರೋದು ಇದರಿಂದಲೇ. ಬಾಕ್ಸ್‌ನಲ್ಲಿ ನಾವು ಬರೆಯುವ ಹೆಸರಿನಿಂದಲ್ಲ.

ಈ ವಿಷಯದ ಹಳೆಯ ಉದಾಹರಣೆ ನಮ್ಮ ಕಡೆಯವರದ್ದೇ ಒಂದು. ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್ ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದಾಗ, 1964ರಲ್ಲಿ, 864 ಆರ್ಗಾನ್ ಪರಮಾಣುಗಳ ದ್ರವವನ್ನು 94.4 ಕೆಲ್ವಿನ್‌ನಲ್ಲಿ ಸಿಮ್ಯುಲೇಟ್ ಮಾಡಿದರು. (ಪ್ರಯೋಗಾಲಯದ ಹೆಸರಿಗೂ ಅನಿಲದ ಹೆಸರಿಗೂ ಸಂಬಂಧ ಇಲ್ಲ, ಉಚ್ಚಾರ ಮಾತ್ರ ಹತ್ತಿರ.) ಅವರು ಬಳಸಿದ್ದು ಲೆನ್ನಾರ್ಡ್-ಜೋನ್ಸ್ ಪೊಟೆನ್ಶಿಯಲ್. ಅದರಲ್ಲಿರೋದು ಎರಡೇ ಸಂಖ್ಯೆ: ಸಿಗ್ಮಾ 3.4 ಆಂಗ್‌ಸ್ಟ್ರಾಮ್, ಎಪ್ಸಿಲಾನ್ 120 ಕೆಲ್ವಿನ್‌ಗೆ ಸಮನಾದ ಶಕ್ತಿ, ಅಂದರೆ ಸುಮಾರು 0.0103 ಎಲೆಕ್ಟ್ರಾನ್ ವೋಲ್ಟ್. ಅಷ್ಟರಿಂದಲೇ ದ್ರವದ ರಚನೆ ಮತ್ತು ಪರಮಾಣುಗಳ ವಿಸರಣೆ ಪ್ರಯೋಗಕ್ಕೆ ಹತ್ತಿರ ಬಂದವು. ನಾವೂ ಇದೇ ಆರ್ಗಾನನ್ನು ಹಿಡಿದು ಮುಂದುವರಿಯೋಣ.

ಮೂರು ದಾರಿ

ಲ್ಯಾಂಪ್ಸ್ ಅನ್ನುವುದು ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬೆಳೆದ ಓಪನ್ ಸೋರ್ಸ್ ಸಾಫ್ಟ್‌ವೇರ್, ಸಿ ಪ್ಲಸ್ ಪ್ಲಸ್‌ನಲ್ಲಿ ಬರೆದದ್ದು. ಅದರಲ್ಲಿ ಸ್ವಂತ ಪೊಟೆನ್ಶಿಯಲ್ ಸೇರಿಸಲು ಮುಖ್ಯವಾಗಿ ಮೂರು ದಾರಿ ಇವೆ.

ಒಂದು, ಟೇಬಲ್. ಪ್ರತಿ ದೂರಕ್ಕೂ ಶಕ್ತಿ ಎಷ್ಟು, ಬಲ ಎಷ್ಟು ಅಂತ ಒಂದು ಪಟ್ಟಿ ಮಾಡಿ ಫೈಲ್‌ನಲ್ಲಿ ಕೊಡುವುದು. ಸಾಫ್ಟ್‌ವೇರ್ ಮುಟ್ಟಬೇಕಿಲ್ಲ, ಮತ್ತೆ ಕಂಪೈಲ್ ಮಾಡಬೇಕಿಲ್ಲ.

ಎರಡು, ಸೂತ್ರವನ್ನೇ ಇನ್‌ಪುಟ್ ಫೈಲ್‌ನಲ್ಲಿ ಬರೆಯುವುದು. ಲೆಪ್ಟಾನ್ ಎಂಬ ಪೇರ್ ಸ್ಟೈಲ್ ಈಚಿನ ಆವೃತ್ತಿಗಳಲ್ಲಿದೆ. ಶಕ್ತಿಯ ಸೂತ್ರ ಕೊಟ್ಟರೆ ಇಳಿಜಾರನ್ನು ಅದೇ ಲೆಕ್ಕ ಹಾಕಿಕೊಳ್ಳುತ್ತೆ.

ಮೂರು, ಸಿ ಪ್ಲಸ್ ಪ್ಲಸ್‌ನಲ್ಲಿ ಹೊಸ ಪೇರ್ ಸ್ಟೈಲ್ ಬರೆಯುವುದು. ವೇಗ ಬೇಕಿದ್ದರೆ, ಅಥವಾ ಬಲ ಎರಡು ಪರಮಾಣುಗಳ ದೂರವನ್ನು ಮಾತ್ರ ಅವಲಂಬಿಸದೆ ಸುತ್ತಲಿನ ಪರಮಾಣುಗಳನ್ನೂ ನೋಡುವುದಾದರೆ ಇದೇ ಗತಿ.

ಪ್ರಾಜೆಕ್ಟ್ ಮಟ್ಟದಲ್ಲಿ ಹೆಚ್ಚಿನವರಿಗೆ ಮೊದಲ ದಾರಿ ಸಾಕು. ಹಾಗಾಗಿ ಅದನ್ನೇ ವಿವರವಾಗಿ ನೋಡೋಣ.

ಟೇಬಲ್ ತಯಾರಿ

ಇಲ್ಲಿ ನನ್ನ ಒಂದೇ ಸಲಹೆ: ಮೊದಲ ಟೇಬಲ್ ನಿಮ್ಮ ಹೊಸ ಸೂತ್ರದ್ದಾಗಿರಬಾರದು. ಉತ್ತರ ಗೊತ್ತಿರುವ ಸೂತ್ರದ್ದಾಗಿರಬೇಕು. ಲೆನ್ನಾರ್ಡ್-ಜೋನ್ಸ್ ಲ್ಯಾಂಪ್ಸ್‌ನಲ್ಲಿ ಮೊದಲೇ ಇದೆ. ಅದರದ್ದೇ ಟೇಬಲ್ ಮಾಡಿ ರನ್ ಮಾಡಿ. ಒಳಗಿರುವುದಕ್ಕೂ ನೀವು ಕೊಟ್ಟದ್ದಕ್ಕೂ ಉತ್ತರ ಒಂದೇ ಬಂದರೆ ನಿಮ್ಮ ಟೇಬಲ್ ಬರೆಯುವ ಪ್ರೋಗ್ರಾಂ ಸರಿ ಇದೆ. ಆಮೇಲೆ ಅದರೊಳಗಿನ ಸೂತ್ರ ಮಾತ್ರ ಬದಲಾಯಿಸಿ.

ಸೂತ್ರ ಹೀಗಿದೆ. ಸಿಗ್ಮಾವನ್ನು ದೂರದಿಂದ ಭಾಗಿಸಿ. ಬಂದದ್ದರ 12ನೇ ಘಾತದಿಂದ 6ನೇ ಘಾತವನ್ನು ಕಳೆಯಿರಿ. 4 ಎಪ್ಸಿಲಾನ್‌ನಿಂದ ಗುಣಿಸಿ. ಇದು ಶಕ್ತಿ. ಬಲಕ್ಕೆ: 12ನೇ ಘಾತದ ಎರಡು ಪಟ್ಟಿನಿಂದ 6ನೇ ಘಾತ ಕಳೆದು, 24 ಎಪ್ಸಿಲಾನ್‌ನಿಂದ ಗುಣಿಸಿ, ದೂರದಿಂದ ಭಾಗಿಸಿ. ನಮ್ಮ ಆರ್ಗಾನ್‌ಗೆ ಕೈಲೆಕ್ಕ ಮಾಡಿದರೆ ಹೀಗೆ ಬರುತ್ತೆ (ದೂರ ಆಂಗ್‌ಸ್ಟ್ರಾಮ್‌ನಲ್ಲಿ, ಶಕ್ತಿ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ, ಬಲ ಪ್ರತಿ ಆಂಗ್‌ಸ್ಟ್ರಾಮ್‌ಗೆ ಎಲೆಕ್ಟ್ರಾನ್ ವೋಲ್ಟ್‌ನಲ್ಲಿ):

ದೂರ 3.0: ಶಕ್ತಿ 0.0977, ಬಲ 0.5654
ದೂರ 3.4: ಶಕ್ತಿ 0, ಬಲ 0.0727
ದೂರ 3.816: ಶಕ್ತಿ −0.0103, ಬಲ 0
ದೂರ 5.0: ಶಕ್ತಿ −0.00367, ಬಲ −0.00392
ದೂರ 8.5: ಶಕ್ತಿ −0.000168, ಬಲ −0.000118

ಸ್ವಲ್ಪ ನಿಂತು ನೋಡಿ. 3.816ರಲ್ಲಿ ಶಕ್ತಿ ಕನಿಷ್ಠ, ಬಲ ಸೊನ್ನೆ. ಅದಕ್ಕಿಂತ ಹತ್ತಿರ ಬಂದರೆ ಬಲ ಧನ, ಅಂದರೆ ತಳ್ಳುತ್ತೆ. ದೂರ ಹೋದರೆ ಋಣ, ಅಂದರೆ ಎಳೆಯುತ್ತೆ. ನಿಮ್ಮ ಟೇಬಲ್‌ನಲ್ಲಿ ಈ ಚಿಹ್ನೆ ತಿರುಗಿದ್ದರೆ ಪರಮಾಣುಗಳು ಒಂದರೊಳಗೊಂದು ನುಗ್ಗಿ, ಕೆಲವೇ ಸ್ಟೆಪ್‌ನಲ್ಲಿ ರನ್ ಸಾಯುತ್ತೆ. ಅದು ಒಳ್ಳೆಯ ತಪ್ಪು, ಯಾಕಂದ್ರೆ ಕಣ್ಣಿಗೆ ಕಾಣುತ್ತೆ.

ಫೈಲ್‌ನ ರಚನೆ ಸರಳ. ಮೊದಲು ಈ ಭಾಗಕ್ಕೊಂದು ಹೆಸರು. ಮುಂದಿನ ಸಾಲಿನಲ್ಲಿ ಎಷ್ಟು ಬಿಂದು, ಎಲ್ಲಿಂದ ಎಲ್ಲಿಯವರೆಗೆ ಎಂಬ ವಿವರ. ಒಂದು ಖಾಲಿ ಸಾಲು. ಆಮೇಲೆ ಪ್ರತಿ ಸಾಲಿಗೆ ನಾಲ್ಕು ಅಂಕಣ: ಕ್ರಮಸಂಖ್ಯೆ, ದೂರ, ಶಕ್ತಿ, ಬಲ. ಇನ್‌ಪುಟ್ ಫೈಲ್‌ನಲ್ಲಿ ಪೇರ್ ಸ್ಟೈಲ್ ಟೇಬಲ್ ಎಂದು ಹೇಳಿ, ಪೇರ್ ಕೋಎಫ್ ಸಾಲಿನಲ್ಲಿ ಯಾವ ಜೋಡಿಗೆ, ಯಾವ ಫೈಲ್, ಫೈಲ್‌ನ ಯಾವ ಹೆಸರಿನ ಭಾಗ, ಕಟ್‌ಆಫ್ ಎಷ್ಟು ಎಂದು ಕೊಟ್ಟರೆ ಮುಗೀತು.

ಒಂದು ಸೂಕ್ಷ್ಮ ಇದೆ. ಲ್ಯಾಂಪ್ಸ್ ನಿಮ್ಮ ಪಟ್ಟಿಯನ್ನು ಹಾಗೇ ಬಳಸಲ್ಲ. ಅದರ ಮೂಲಕ ಸ್ಪ್ಲೈನ್ ಎಳೆದು, ತನ್ನದೇ ಒಳಪಟ್ಟಿ ಮಾಡಿಕೊಳ್ಳುತ್ತೆ, ಅದೂ ದೂರದ ವರ್ಗದಲ್ಲಿ ಸಮಾನ ಅಂತರವಿಟ್ಟು. ವರ್ಗದಲ್ಲಿ ಸಮಾನ ಅಂತರ ಅಂದ್ರೆ ಹತ್ತಿರದ ದೂರದಲ್ಲಿ ಬಿಂದುಗಳು ವಿರಳ, ದೂರದಲ್ಲಿ ದಟ್ಟ. ಆದರೆ ಕಡಿದಾದ ಗೋಡೆ ಇರೋದು ಹತ್ತಿರದಲ್ಲೇ! ಹಾಗಾಗಿ ಬಿಂದುಗಳ ಸಂಖ್ಯೆಯಲ್ಲಿ ಜಿಪುಣತನ ಬೇಡ. ನೂರರ ಲೆಕ್ಕ ಬಿಟ್ಟು ಸಾವಿರಗಳ ಲೆಕ್ಕದಲ್ಲಿ ಕೊಡಿ. ಪೇರ್ ರೈಟ್ ಎಂಬ ಆದೇಶ ಬಳಸಿದರೆ, ಲ್ಯಾಂಪ್ಸ್ ನಿಮ್ಮ ಟೇಬಲನ್ನು ಹೇಗೆ ಅರ್ಥ ಮಾಡಿಕೊಂಡಿದೆ ಅನ್ನೋದನ್ನು ಅದೇ ಬರೆದು ಕೊಡುತ್ತೆ. ಅದನ್ನು ನಿಮ್ಮ ಮೂಲ ಸೂತ್ರದ ಮೇಲೆ ಪ್ಲಾಟ್ ಮಾಡಿ ನೋಡಿ. ಐದು ನಿಮಿಷದ ಕೆಲಸ.

ನಾವು ಎಡವಿದ್ದು ಎಲ್ಲಿ?

ಈಗ ನಮ್ಮ ಕಥೆ. ಲೆನ್ನಾರ್ಡ್-ಜೋನ್ಸ್ ಶಕ್ತಿ 8.5ರಲ್ಲಿ ಇನ್ನೂ ಪೂರ್ತಿ ಸೊನ್ನೆ ಆಗಿರಲ್ಲ, ಎಪ್ಸಿಲಾನ್‌ನ ಶೇಕಡಾ 1.6ರಷ್ಟು ಉಳಿದಿರುತ್ತೆ. ಅಲ್ಲಿ ಪಟ್ಟನೆ ಕತ್ತರಿಸಿದರೆ ಪರಮಾಣು ಕಟ್‌ಆಫ್ ದಾಟಿದಾಗಲೆಲ್ಲ ಶಕ್ತಿ ಜಿಗಿಯುತ್ತೆ. ಅದನ್ನು ತಪ್ಪಿಸಲು 7ರಿಂದ 8.5ರವರೆಗೆ ಮೆಲ್ಲಗೆ 1ರಿಂದ 0ಗೆ ಇಳಿಯುವ ಒಂದು ಗುಣಕದಿಂದ ಶಕ್ತಿಯನ್ನು ಗುಣಿಸಿದೆವು. ಬಲವನ್ನೂ ಅದೇ ಗುಣಕದಿಂದ ಗುಣಿಸಿದೆವು. ಎರಡೂ ಅಚ್ಚುಕಟ್ಟಾಗಿ ಸೊನ್ನೆಗೆ ಇಳಿದವು. ಪ್ಲಾಟ್ ನೋಡಲು ಚೆಂದ.

ತಪ್ಪು ಎಲ್ಲಿದೆ ಅಂತ ಗೊತ್ತಾಯ್ತಾ? ಮೊದಲ ಸೆಮಿಸ್ಟರ್‌ನ ಗುಣಲಬ್ಧದ ನಿಯಮ. ಎರಡು ಫಲನಗಳ ಗುಣಲಬ್ಧವನ್ನು ಅವಕಲಿಸಿದರೆ ಎರಡು ಪದ ಬರಬೇಕು. ಹೊಸ ಬಲ ಅಂದರೆ, ಗುಣಕ ಸಲ ಹಳೆಯ ಬಲ, ಅದರಿಂದ ಗುಣಕದ ಇಳಿಜಾರು ಸಲ ಹಳೆಯ ಶಕ್ತಿಯನ್ನು ಕಳೆದದ್ದು. ಎರಡನೇ ಪದವನ್ನು ನಾವು ಬಿಟ್ಟಿದ್ದೆವು.

ಸಣ್ಣ ಪದ ಅಲ್ವಾ ಅಂತೀರಾ? ಲೆಕ್ಕ ಹಾಕೋಣ. ನಡುವೆ, 7.75ರಲ್ಲಿ, ಗುಣಕ 0.5. ಅದರ ಇಳಿಜಾರು ಪ್ರತಿ ಆಂಗ್‌ಸ್ಟ್ರಾಮ್‌ಗೆ −1. ಅಲ್ಲಿ ಹಳೆಯ ಬಲ −0.00022, ಹಳೆಯ ಶಕ್ತಿ −0.00029. ನಾವು ಇಟ್ಟುಕೊಂಡ ಪದ −0.00011. ಬಿಟ್ಟ ಪದ −0.00029. ಉಳಿಸಿಕೊಂಡದ್ದಕ್ಕಿಂತ ಬಿಟ್ಟದ್ದೇ ಎರಡೂವರೆ ಪಟ್ಟು ದೊಡ್ಡದು! ಒಂದೊಂದು ಜೋಡಿಗೆ ಇದು ಪುಟ್ಟ ಸಂಖ್ಯೆ ನಿಜ. ಆದರೆ ದ್ರವದಲ್ಲಿ ಆ ದೂರದ ಚಿಪ್ಪಿನಲ್ಲಿ ಪ್ರತಿ ಪರಮಾಣುವಿಗೂ ಹತ್ತಾರು ನೆರೆಯವರಿರುತ್ತಾರೆ.

ರನ್ ಸಾಯಲಿಲ್ಲ. ಅದೇ ದೊಡ್ಡ ಅಪಾಯ. ತಾಪಮಾನ ಹೇಳಿದಷ್ಟೇ ಇತ್ತು, ಯಾಕಂದ್ರೆ ಥರ್ಮೋಸ್ಟಾಟ್ ಹಾಕಿದ್ದೆವು, ಅದರ ಕೆಲಸವೇ ಅದು. ಲ್ಯಾಬ್‌ನ ಮೆಷಿನ್ ಒಂಬತ್ತು ದಿನ ಓಡಿತು. ರಿವ್ಯೂನಲ್ಲಿ ಗೈಡ್ ಮೇಡಂ ಗ್ರಾಫ್‌ಗಳನ್ನೆಲ್ಲ ನೋಡಿ, "ಥರ್ಮೋಸ್ಟಾಟ್ ತೆಗೆದು ಓಡಿಸಿದ್ದೀರೇನ್ರಪ್ಪಾ? ಟೋಟಲ್ ಎನರ್ಜಿ ತೋರಿಸಿ" ಅಂದ್ರು. ಇರಲಿಲ್ಲ. ಆ ಸಂಜೆ ಓಡಿಸಿದೆವು. ಒಟ್ಟು ಶಕ್ತಿ ಸ್ಥಿರವಾಗಿ ನಿಲ್ಲಲೇ ಇಲ್ಲ, ಮೇಲೆ ಕೆಳಗೆ ಕುಣಿಯುತ್ತಿತ್ತು. ಟೈಮ್‌ಸ್ಟೆಪ್ ಜಾಸ್ತಿ ಆಯ್ತೇನೋ ಅಂತ ಅರ್ಧ ಮಾಡಿದೆವು. ಕುಣಿತ ಅಷ್ಟೇ ಇತ್ತು.

ಯಾಕೆ ಅಂತ ಅರ್ಥ ಮಾಡಿಕೊಳ್ಳುವುದು ಮುಖ್ಯ. ಪರಮಾಣುಗಳು ಚಲಿಸುವುದು ಬಲದ ಅಂಕಣ ನೋಡಿ. ಶಕ್ತಿಯ ಅಂಕಣವನ್ನು ಅವು ನೋಡುವುದೇ ಇಲ್ಲ, ಅದು ನಮಗೆ ಪ್ರಿಂಟ್ ಮಾಡಲು ಮಾತ್ರ. ನಮ್ಮ ಬಲದ ಅಂಕಣ ಒಂದು ಪದಾರ್ಥದ್ದು, ಶಕ್ತಿಯ ಅಂಕಣ ಇನ್ನೊಂದು ಪದಾರ್ಥದ್ದು. ನಂದಿ ಬೆಟ್ಟದ ಎತ್ತರದ ಪಟ್ಟಿಗೆ ಸಾವನದುರ್ಗದ ಇಳಿಜಾರಿನ ಪಟ್ಟಿ ಅಂಟಿಸಿದ ಹಾಗೆ. ಒತ್ತಡವನ್ನು ಲ್ಯಾಂಪ್ಸ್ ಬಲದಿಂದ ಲೆಕ್ಕ ಹಾಕುತ್ತೆ. ಹಾಗಾಗಿ ನಮ್ಮ ರಿಪೋರ್ಟ್‌ನಲ್ಲಿದ್ದ ಒತ್ತಡ ಒಂದು ವಸ್ತುವಿನದ್ದು, ಶಕ್ತಿ ಇನ್ನೊಂದರದ್ದು. ಎರಡೂ ಆರ್ಗಾನ್ ಎಂದು ಹೆಸರು ಬರೆದುಕೊಂಡಿದ್ದವು.

ಇನ್ನೂ ಬೇಜಾರಿನ ಸಂಗತಿ ಅಂದ್ರೆ, ಲಾಗ್ ಫೈಲ್‌ನಲ್ಲಿ ಎಚ್ಚರಿಕೆ ಮೊದಲ ದಿನವೇ ಬಂದಿತ್ತು. ಟೇಬಲ್ ಓದುವಾಗ ಲ್ಯಾಂಪ್ಸ್ ಪ್ರತಿ ಬಲವನ್ನೂ ಅಕ್ಕಪಕ್ಕದ ಶಕ್ತಿಗಳ ಇಳಿಜಾರಿನ ಜೊತೆ ಹೋಲಿಸಿ, ಹೊಂದದ ಬಿಂದುಗಳು ಇಷ್ಟಿವೆ ಎಂದು ಹೇಳುತ್ತೆ. ವಕ್ರರೇಖೆ ತಿರುವು ಬದಲಿಸುವ ಕಡೆ ಒಂದೆರಡು ಬಂದರೆ ಪರವಾಗಿಲ್ಲ ಎಂದೂ ಹೇಳುತ್ತೆ. ನಮ್ಮದರಲ್ಲಿ ಒಂದೆರಡಲ್ಲ, 7ರಿಂದ 8.5ರವರೆಗಿನ ಬಿಂದುಗಳೆಲ್ಲ ಸಾಲಾಗಿ ಸೇರಿದ್ದವು. ವಾರ್ನಿಂಗ್ ತಾನೇ, ಎರರ್ ಅಲ್ವಲ್ಲ ಅಂತ ನಾವು ಬಿಟ್ಟಿದ್ದೆವು.

ನಂಬುವ ಮೊದಲು ಐದು ಪರೀಕ್ಷೆ

ಆಮೇಲೆ ನಾವು ಗೋಡೆಗೆ ಅಂಟಿಸಿಕೊಂಡ ಪಟ್ಟಿ ಇದು. ಎಲ್ಲ ಸೇರಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತೆ.

1. ಇಳಿಜಾರಿನ ಪರೀಕ್ಷೆ. ಯಾವುದಾದರೂ ದೂರ ತೆಗೆದುಕೊಂಡು ಆಚೀಚೆಯ ಶಕ್ತಿಗಳಿಂದ ಬಲ ಲೆಕ್ಕ ಹಾಕಿ. ಉದಾಹರಣೆಗೆ ನಮ್ಮ ಆರ್ಗಾನ್‌ನಲ್ಲಿ 3.39ರಲ್ಲಿ ಶಕ್ತಿ 0.000748, 3.41ರಲ್ಲಿ −0.000707. ವ್ಯತ್ಯಾಸವನ್ನು 0.02ರಿಂದ ಭಾಗಿಸಿದರೆ 0.0727. ಟೇಬಲ್‌ನಲ್ಲಿ 3.4ರ ಬಲವೂ 0.0727. ಸರಿ. ಇದನ್ನು ಎಲ್ಲ ಸಾಲಿಗೂ ಮಾಡುವ ಪ್ರೋಗ್ರಾಂ ಹತ್ತು ಸಾಲು ಮೀರಲ್ಲ.

2. ಎರಡೇ ಪರಮಾಣು. ಬಾಕ್ಸ್‌ನಲ್ಲಿ ಎರಡು ಪರಮಾಣು ಇಟ್ಟು, ದೂರ ಬದಲಿಸುತ್ತಾ, ಲ್ಯಾಂಪ್ಸ್ ಹೇಳುವ ಶಕ್ತಿ ಮತ್ತು ಬಲವನ್ನು ಕೈಲೆಕ್ಕದ ಜೊತೆ ಹೋಲಿಸಿ. ಚಿಹ್ನೆ, ಯೂನಿಟ್, ತಪ್ಪು ಅಂಕಣ ಎಲ್ಲ ಇಲ್ಲೇ ಸಿಕ್ಕಿಬೀಳುತ್ತವೆ.

3. ಸ್ಫಟಿಕ. ಆರ್ಗಾನ್‌ನ ಮುಖಕೇಂದ್ರಿತ ಘನ ಜಾಲ ಕಟ್ಟಿ, ಅಳತೆಯನ್ನು ಹಿಗ್ಗಿಸಿ ಕುಗ್ಗಿಸಿ ಶಕ್ತಿ ನೋಡಿ. ಕತ್ತರಿಸದ ಲೆನ್ನಾರ್ಡ್-ಜೋನ್ಸ್‌ಗೆ ಹತ್ತಿರದ ನೆರೆಯವನ ದೂರ 1.09 ಸಿಗ್ಮಾ, ಪರಮಾಣುವಿಗೆ ಶಕ್ತಿ −8.6 ಎಪ್ಸಿಲಾನ್ ಎಂಬುದು ಪುಸ್ತಕದ ಉತ್ತರ. ಕಟ್‌ಆಫ್ ಇದ್ದರೆ ಸ್ವಲ್ಪ ಕಡಿಮೆ ಬರುತ್ತೆ. ಜೊತೆಗೆ ಇನ್ನೊಂದು ನೋಡಿ: ಶಕ್ತಿ ಕನಿಷ್ಠವಾಗುವ ಗಾತ್ರದಲ್ಲೇ ಒತ್ತಡ ಸೊನ್ನೆ ಆಗಬೇಕು. ನಮ್ಮ ಕೆಟ್ಟ ಟೇಬಲ್ ಇಲ್ಲಿ ತಕ್ಷಣ ಸಿಕ್ಕಿಬೀಳುತ್ತಿತ್ತು.

4. ಥರ್ಮೋಸ್ಟಾಟ್ ಇಲ್ಲದ ರನ್. ಒಟ್ಟು ಶಕ್ತಿಯ ಏರಿಳಿತ ಟೈಮ್‌ಸ್ಟೆಪ್‌ನ ವರ್ಗದಂತೆ ಬದಲಾಗಬೇಕು. ಟೈಮ್‌ಸ್ಟೆಪ್ ಅರ್ಧ ಮಾಡಿದರೆ ಏರಿಳಿತ ಕಾಲು ಭಾಗ ಆಗಬೇಕು. ಆಗದಿದ್ದರೆ ತಪ್ಪು ಟೈಮ್‌ಸ್ಟೆಪ್‌ನದ್ದಲ್ಲ. ಬಲಕ್ಕೂ ಶಕ್ತಿಗೂ ಹೊಂದಾಣಿಕೆ ಇಲ್ಲ, ಇಲ್ಲಾಂದ್ರೆ ಕಟ್‌ಆಫ್‌ನಲ್ಲಿ ಜಿಗಿತ ಇದೆ, ಇಲ್ಲಾಂದ್ರೆ ಬಿಂದುಗಳು ಸಾಲದು.

5. ಯೂನಿಟ್. ಲ್ಯಾಂಪ್ಸ್‌ನ ಮೆಟಲ್ ಯೂನಿಟ್‌ನಲ್ಲಿ ಶಕ್ತಿ ಎಲೆಕ್ಟ್ರಾನ್ ವೋಲ್ಟ್, ಕಾಲ ಪಿಕೋಸೆಕೆಂಡ್. ರಿಯಲ್ ಯೂನಿಟ್‌ನಲ್ಲಿ ಶಕ್ತಿ ಮೋಲ್‌ಗೆ ಕಿಲೋಕ್ಯಾಲರಿ, ಕಾಲ ಫೆಮ್ಟೋಸೆಕೆಂಡ್. ಒಂದು ಎಲೆಕ್ಟ್ರಾನ್ ವೋಲ್ಟ್ ಅಂದ್ರೆ ಮೋಲ್‌ಗೆ 23.06 ಕಿಲೋಕ್ಯಾಲರಿ. ರಿಯಲ್‌ನ ಟೇಬಲನ್ನು ಮೆಟಲ್‌ನಲ್ಲಿ ಓದಿಸಿದರೆ 120 ಕೆಲ್ವಿನ್‌ನ ಎಪ್ಸಿಲಾನ್ ಸುಮಾರು 2,760 ಕೆಲ್ವಿನ್‌ನದ್ದಾಗುತ್ತೆ. ಆ ಆರ್ಗಾನ್ 94 ಕೆಲ್ವಿನ್‌ನಲ್ಲಿ ಕಲ್ಲಿನ ಹಾಗೆ ಕೂತಿರುತ್ತೆ, ಕರಗಲ್ಲ. ಟೇಬಲ್ ಫೈಲ್‌ನ ಮೊದಲ ಕಾಮೆಂಟ್ ಸಾಲಿನಲ್ಲೇ ಯೂನಿಟ್ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ.

ಹತ್ತಿರದ ತುದಿ

ಬಾಲದ ಹಾಗೇ ತಲೆಯೂ ಕಾಟ ಕೊಡುತ್ತೆ. ಟೇಬಲ್ 3 ಆಂಗ್‌ಸ್ಟ್ರಾಮ್‌ನಿಂದ ಶುರುವಾಗಿ, ಬಿಸಿ ದ್ರವದಲ್ಲಿ ಎರಡು ಪರಮಾಣು 2.9ಕ್ಕೆ ಬಂದರೆ, ಟೇಬಲ್‌ನ ಒಳಮಿತಿಗಿಂತ ದೂರ ಕಡಿಮೆ ಎಂದು ಲ್ಯಾಂಪ್ಸ್ ಎರರ್ ಕೊಟ್ಟು ನಿಲ್ಲುತ್ತೆ. ಹಾಗಾಗಿ ಪರಮಾಣುಗಳು ಬರಬಹುದಾದ ದೂರಕ್ಕಿಂತ ಒಳಗಿನಿಂದಲೇ ಟೇಬಲ್ ಶುರು ಮಾಡಿ. ಹಾಗಂತ ಸೊನ್ನೆಯ ಪಕ್ಕದಿಂದ ಶುರು ಮಾಡಿದರೆ ಅಲ್ಲಿನ ಭಾರೀ ಸಂಖ್ಯೆಗಳು ಸ್ಪ್ಲೈನನ್ನು ಅಲ್ಲಾಡಿಸುತ್ತವೆ.

ಆಕ್ಸೈಡ್‌ಗಳ ಮೇಲೆ ಕೆಲಸ ಮಾಡುವವರು ಬಕಿಂಗ್‌ಹ್ಯಾಮ್ ಸೂತ್ರದ ಬಗ್ಗೆ ಇನ್ನೂ ಹುಷಾರಾಗಿರಬೇಕು. ಅದರಲ್ಲಿ ವಿಕರ್ಷಣೆ ಘಾತಾಂಕೀಯ, ಆಕರ್ಷಣೆ ದೂರದ 6ನೇ ಘಾತದ ವಿಲೋಮ. ದೂರ ಸೊನ್ನೆಯತ್ತ ಹೋದಾಗ ಮೊದಲನೆಯದು ಒಂದು ಬೆಲೆಯಲ್ಲಿ ನಿಂತುಬಿಡುತ್ತೆ, ಎರಡನೆಯದು ಮಿತಿಯಿಲ್ಲದೆ ಕೆಳಗಿಳಿಯುತ್ತೆ. ಅಂದರೆ ಗೋಡೆಯ ಆಚೆ ತಳವಿಲ್ಲದ ಬಾವಿ. ಬಿಸಿ ಹೆಚ್ಚಾಗಿ ಒಂದು ಪರಮಾಣು ಗೋಡೆ ಹಾರಿದರೆ ಕಥೆ ಮುಗೀತು. ಅಲ್ಲಿ ಬಲವಾದ ವಿಕರ್ಷಣೆಯ ಒಂದು ಪದ ಸೇರಿಸುವುದು ವಾಡಿಕೆ. ಸೇರಿಸುವಾಗ ಗುಣಲಬ್ಧದ ನಿಯಮ ಮರೀಬೇಡಿ!

ಕೋಡ್ ಬರೆಯುವುದಾದರೆ

ಸೊನ್ನೆಯಿಂದ ಬರೆಯಬೇಡಿ. ಲೆನ್ನಾರ್ಡ್-ಜೋನ್ಸ್‌ನ ಕಟ್ ಆವೃತ್ತಿಯ ಎರಡು ಫೈಲ್ ನಕಲು ಮಾಡಿ, ಕ್ಲಾಸ್‌ನ ಹೆಸರು ಬದಲಿಸಿ, ಹೆಡರ್‌ನಲ್ಲಿ ನಿಮ್ಮ ಸ್ಟೈಲ್‌ನ ಹೆಸರು ನೋಂದಾಯಿಸಿ, ಕಂಪೈಲ್ ಮಾಡಿ. ಬದಲಿಸಬೇಕಾದ ಮುಖ್ಯ ಜಾಗ ಕಂಪ್ಯೂಟ್ ಎಂಬ ಫಂಕ್ಷನ್. ಅಲ್ಲಿ ಎಫ್‌ಪೇರ್ ಎಂಬ ಒಂದು ವೇರಿಯಬಲ್ ಇದೆ. ಹೊಸಬರು ಎಡವುವುದು ಅಲ್ಲೇ. ಅದು ಬಲ ಅಲ್ಲ, ಬಲವನ್ನು ದೂರದಿಂದ ಭಾಗಿಸಿದ್ದು. ಮುಂದಿನ ಸಾಲುಗಳಲ್ಲಿ ಅದನ್ನು ಎಕ್ಸ್, ವೈ, ಝಡ್ ವ್ಯತ್ಯಾಸಗಳಿಂದ ಗುಣಿಸುತ್ತಾರೆ, ಆಗ ದಿಕ್ಕೂ ಪರಿಮಾಣವೂ ಸರಿಯಾಗುತ್ತವೆ. ನೀವು ಭಾಗಿಸದೆ ಬಿಟ್ಟರೆ ಬಲ ಮೂರ್ನಾಲ್ಕು ಪಟ್ಟು ಹೆಚ್ಚಾಗುತ್ತೆ. ಸಿಂಗಲ್ ಎಂಬ ಫಂಕ್ಷನ್‌ನಲ್ಲೂ ಅದೇ ಸೂತ್ರ ಬದಲಿಸಬೇಕು, ಪೇರ್ ರೈಟ್ ನೋಡುವುದು ಅದನ್ನೇ. ಒಂದು ಕಡೆ ಬದಲಿಸಿ ಇನ್ನೊಂದು ಕಡೆ ಮರೆತರೆ ಪರೀಕ್ಷೆಯ ಪ್ಲಾಟ್ ಒಂದು ಹೇಳುತ್ತೆ, ರನ್ ಇನ್ನೊಂದು ಮಾಡುತ್ತೆ.

ಎಲ್ಲದಕ್ಕೂ ಜೋಡಿ ಸೂತ್ರ ಸಾಲದು

ಎಲ್ಲ ಪರೀಕ್ಷೆ ಪಾಸಾದರೂ ಪೊಟೆನ್ಶಿಯಲ್ ಆ ವಸ್ತುವಿಗೆ ಹೊಂದದೇ ಇರಬಹುದು. ತಾಮ್ರ ನೋಡಿ. ಬರೀ ಜೋಡಿ ಬಲಗಳಿಂದ ಕಟ್ಟಿದ ಘನ ಸ್ಫಟಿಕದಲ್ಲಿ, ಹೊರಒತ್ತಡ ಇಲ್ಲದಿದ್ದಾಗ, ಸ್ಥಿತಿಸ್ಥಾಪಕ ಗುಣಾಂಕಗಳಾದ ಸಿ12 ಮತ್ತು ಸಿ44 ಸಮ ಇರಲೇಬೇಕು. ಇದು ಕೌಶಿಯ ಸಂಬಂಧ. ನಿಜವಾದ ತಾಮ್ರದಲ್ಲಿ ಸಿ12 ಸುಮಾರು 122 ಗಿಗಾಪ್ಯಾಸ್ಕಲ್, ಸಿ44 ಸುಮಾರು 75. ನೀವು ಎಷ್ಟೇ ಚೆನ್ನಾಗಿ ಟೇಬಲ್ ತಿದ್ದಿದರೂ ಎರಡೂ ಒಟ್ಟಿಗೆ ಬರಲ್ಲ, ಗಣಿತವೇ ಬಿಡಲ್ಲ. ಡಾ ಮತ್ತು ಬಾಸ್ಕಸ್ 1980ರ ದಶಕದಲ್ಲಿ ಎಂಬೆಡೆಡ್ ಆಟಂ ವಿಧಾನ ತಂದದ್ದು ಇಂಥ ಕಾರಣಕ್ಕೆ. ಅದರಲ್ಲಿ ಪ್ರತಿ ಪರಮಾಣುವಿನ ಶಕ್ತಿ ಸುತ್ತಲಿನ ಎಲೆಕ್ಟ್ರಾನ್ ಸಾಂದ್ರತೆಯನ್ನೂ ಅವಲಂಬಿಸುತ್ತೆ. ಸಿಲಿಕಾನ್‌ಗೆ ಕೋನಗಳೂ ಬೇಕು, ಅದಕ್ಕೆ ಸ್ಟಿಲಿಂಗರ್-ವೆಬರ್, ಟರ್ಸಾಫ್ ಇವೆ. ಈಗಿನ ಮಷಿನ್ ಲರ್ನಿಂಗ್ ಪೊಟೆನ್ಶಿಯಲ್‌ಗಳಿಗೂ ಇದೇ ಮಾತು ಅನ್ವಯಿಸುತ್ತೆ: ಕಲಿಸಿದ ಸನ್ನಿವೇಶದ ಆಚೆ ಅವು ಏನು ಹೇಳುತ್ತವೆ ಎಂಬುದಕ್ಕೆ ಗ್ಯಾರಂಟಿ ಇಲ್ಲ.

ಹಾಗಾಗಿ ಸೂತ್ರ ಆರಿಸುವ ಮೊದಲು ಕೇಳಿಕೊಳ್ಳಿ: ನಾನು ಅಳೆಯಲು ಹೊರಟಿರುವ ಗುಣ ಯಾವುದು, ಈ ಪೊಟೆನ್ಶಿಯಲ್ ಯಾವ ಗುಣಗಳಿಗೆ ಹೊಂದಿಸಿ ಮಾಡಿದ್ದು? ಸಾಂದ್ರತೆಗೆ ಹೊಂದಿಸಿದ್ದರಿಂದ ಬಿರುಕಿನ ಬೆಳವಣಿಗೆ ಕೇಳಿದರೆ ಅದು ಉತ್ತರ ಕೊಡುತ್ತೆ, ಆದರೆ ಆ ಉತ್ತರಕ್ಕೆ ಆಧಾರ ಇರಲ್ಲ.

ನಮ್ಮ ಪ್ರಾಜೆಕ್ಟ್ ಏನಾಯ್ತು ಅಂತೀರಾ? ಎರಡನೇ ಪದ ಸೇರಿಸಿ ಟೇಬಲ್ ಮತ್ತೆ ಮಾಡಿದೆವು. ಎಚ್ಚರಿಕೆಯ ಸಾಲಿನಲ್ಲಿ ಬೆರಳೆಣಿಕೆಯಷ್ಟು ಬಿಂದು ಉಳಿದವು. ಟೈಮ್‌ಸ್ಟೆಪ್ ಅರ್ಧ ಮಾಡಿದಾಗ ಏರಿಳಿತ ಕಾಲಾಯಿತು. ಒಂಬತ್ತು ದಿನದ ರನ್ ಮತ್ತೆ ಓಡಿಸಲು ಸಮಯ ಇರಲಿಲ್ಲ, ಚಿಕ್ಕ ಬಾಕ್ಸ್‌ನಲ್ಲಿ ನಾಲ್ಕು ದಿನ ಓಡಿಸಿ, ಕಡಿಮೆ ಗ್ರಾಫ್ ಇಟ್ಟುಕೊಂಡು ಸಬ್ಮಿಟ್ ಮಾಡಿದೆವು. ವೈವಾದಲ್ಲಿ ಮೊದಲು ಕೇಳಿದ್ದೇ ಒಟ್ಟು ಶಕ್ತಿಯ ಗ್ರಾಫ್. ಈ ಸಲ ಅದು ಮೊದಲ ಪುಟದಲ್ಲೇ ಇತ್ತು.

ನಿಮ್ಮಲ್ಲಿ ಯಾರಾದರೂ ಈಗ ಟೇಬಲ್ ಮಾಡ್ತಾ ಇದ್ದರೆ, ಇವತ್ತೇ ಲಾಗ್ ಫೈಲ್ ತೆರೆದು ವಾರ್ನಿಂಗ್ ಅಂತ ಒಂದು ಸಲ ಹುಡುಕಿ ನೋಡಿ.